ಸ್ಟೀಲ್ ತಟ್ಟೆಗೆ ಆಯಸ್ಕಾಂತ ಯಾಕೆ ಅಂಟುವುದಿಲ್ಲ?

ಪಾತ್ರೆ ಅಂಗಡಿಗೆ ಹೋಗುವಾಗ ಕೆಲವರು ಜೇಬಿನಲ್ಲಿ ಪುಟ್ಟ ಆಯಸ್ಕಾಂತ ಇಟ್ಟುಕೊಂಡಿರುತ್ತಾರೆ. ತಟ್ಟೆಗೆ ಹಿಡಿದು ನೋಡುತ್ತಾರೆ. ಅಂಟಿದರೆ "ಕಬ್ಬಿಣ ಬೆರೆಸಿದ್ದಾರೆ" ಅಂತ ಕೆಳಗಿಡುತ್ತಾರೆ. ಅಂಟದಿದ್ದರೆ ಒಳ್ಳೆಯ ಸ್ಟೀಲ್ ಅಂತ ಕೊಳ್ಳುತ್ತಾರೆ. ಆದರೆ ಆ ಅಂಟದ ತಟ್ಟೆಯಲ್ಲೂ 100ಕ್ಕೆ ಸುಮಾರು 70 ಪಾಲು ಇರುವುದು ಕಬ್ಬಿಣವೇ! ಅಷ್ಟೊಂದು ಕಬ್ಬಿಣ ಇದ್ದೂ ಆಯಸ್ಕಾಂತ ಯಾಕೆ ಅಂಟುವುದಿಲ್ಲ? ಈ ಗಂಟು ಬಿಚ್ಚಬೇಕಾದರೆ ಮೊದಲು ಕಬ್ಬಿಣದ ಒಳಗೆ ಇಣುಕಿ ನೋಡಬೇಕು.

ಎಲ್ಲ ವಸ್ತುಗಳಲ್ಲೂ ಪರಮಾಣುಗಳಿವೆ, ಪರಮಾಣುಗಳಲ್ಲಿ ಎಲೆಕ್ಟ್ರಾನ್‌ಗಳಿವೆ ಎಂದು ನೀವು ಓದಿರುತ್ತೀರಿ. ಆ ಒಂದೊಂದು ಎಲೆಕ್ಟ್ರಾನೂ ಪುಟಾಣಿ ಆಯಸ್ಕಾಂತವೇ. ಹಾಗಾದರೆ ಮರ, ಪ್ಲಾಸ್ಟಿಕ್, ತಾಮ್ರ ಎಲ್ಲವೂ ಆಯಸ್ಕಾಂತ ಆಗಬೇಕಿತ್ತು ಅಲ್ವಾ? ಆಗುವುದಿಲ್ಲ. ಹೆಚ್ಚಿನ ವಸ್ತುಗಳಲ್ಲಿ ಎಲೆಕ್ಟ್ರಾನ್‌ಗಳು ಜೋಡಿಜೋಡಿಯಾಗಿ ಇರುತ್ತವೆ. ಜೋಡಿಯಲ್ಲಿ ಒಂದು ಈ ಕಡೆ ಮುಖ ಮಾಡಿದರೆ ಇನ್ನೊಂದು ಆ ಕಡೆ. ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ನಂಥ ಲೋಹಗಳಲ್ಲಿ ಕೆಲವು ಎಲೆಕ್ಟ್ರಾನ್‌ಗಳು ಜೋಡಿ ಇಲ್ಲದೆ ಉಳಿಯುತ್ತವೆ. ಅಷ್ಟೇ ಅಲ್ಲ, ಅಕ್ಕಪಕ್ಕದ ಪರಮಾಣುಗಳು ಒಂದನ್ನು ನೋಡಿ ಇನ್ನೊಂದು ಅದೇ ಕಡೆಗೆ ತಿರುಗಿ ನಿಲ್ಲುತ್ತವೆ.

ಆದರೂ ಸುಮ್ನೆ ಬಿದ್ದಿರುವ ಒಂದು ಮೊಳೆ ಇನ್ನೊಂದು ಮೊಳೆಯನ್ನು ಎಳೆಯುವುದಿಲ್ಲ. ಯಾಕೆ? ಫ್ರಾನ್ಸಿನ ವಿಜ್ಞಾನಿ ಪಿಯರ್ ವೈಸ್ 1907ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕಬ್ಬಿಣದ ಒಳಗೆ ಸಣ್ಣ ಸಣ್ಣ ವಲಯಗಳಿವೆ. ಒಂದು ವಲಯದೊಳಗಿನ ಪರಮಾಣುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಆದರೆ ಪಕ್ಕದ ವಲಯದ ದಿಕ್ಕು ಬೇರೆ, ಅದರಾಚೆಯದ್ದು ಇನ್ನೂ ಬೇರೆ. ಜಾತ್ರೆಯಲ್ಲಿ ನೂರಾರು ಜನ ತೇರಿನ ಹಗ್ಗವನ್ನು ತಲಾ ಒಂದೊಂದು ದಿಕ್ಕಿಗೆ ಎಳೆದರೆ ತೇರು ಕದಲುವುದಿಲ್ಲ. ಎಲ್ಲರೂ ಒಂದೇ ಕಡೆ ಎಳೆದರೆ ಮಾತ್ರ ಹೊರಡುತ್ತದೆ. ಮೊಳೆಯಲ್ಲಿ ಬಲಕ್ಕೇನೂ ಕಡಿಮೆ ಇಲ್ಲ, ಕಡಿಮೆ ಇರುವುದು ಒಗ್ಗಟ್ಟು.

ಮೊಳೆಯ ಹತ್ತಿರ ಆಯಸ್ಕಾಂತ ತಂದರೆ ಆ ಒಗ್ಗಟ್ಟು ಬರುತ್ತದೆ. ಸರಿಯಾದ ದಿಕ್ಕಿನ ವಲಯಗಳು ಬೆಳೆಯುತ್ತವೆ, ಉಳಿದವು ಕುಗ್ಗುತ್ತವೆ. ಅಷ್ಟು ಹೊತ್ತು ಮೊಳೆಯೇ ಆಯಸ್ಕಾಂತವಾಗುತ್ತದೆ. ಅದಕ್ಕೇ ಅಂಟಿದ ಮೊಳೆಯ ತುದಿಗೆ ಇನ್ನೊಂದು ಮೊಳೆ ನೇತಾಡುತ್ತದೆ. ಆಯಸ್ಕಾಂತ ತೆಗೆದರೆ ಮೆದು ಕಬ್ಬಿಣ ಮತ್ತೆ ಮೊದಲಿನಂತಾಗುತ್ತದೆ. ಹೊಲಿಗೆ ಸೂಜಿ ಹಾಗಲ್ಲ, ಅದು ಗಟ್ಟಿ ಉಕ್ಕು. ಆಯಸ್ಕಾಂತದ ಒಂದೇ ತುದಿಯಿಂದ, ಒಂದೇ ದಿಕ್ಕಿಗೆ ಹತ್ತಾರು ಸಲ ಸೂಜಿಯನ್ನು ಉಜ್ಜಿ. ಆಮೇಲೆ ಒಂದು ಚೂರು ಥರ್ಮಾಕೋಲ್ ಮೇಲೆ ಇಟ್ಟು ನೀರಿನ ಬಟ್ಟಲಲ್ಲಿ ತೇಲಿಬಿಡಿ. ಮೆಲ್ಲಗೆ ತಿರುಗಿ ಉತ್ತರ-ದಕ್ಷಿಣಕ್ಕೆ ನಿಲ್ಲುತ್ತದೆ. ದಯವಿಟ್ಟು ಇದನ್ನು ಮಾಡಿ ನೋಡಿ, ಬರೀ ಓದಿ ಬಿಡಬೇಡಿ.

ಆಯಸ್ಕಾಂತವನ್ನು ಎರಡು ತುಂಡು ಮಾಡಿದರೆ ಒಂದರಲ್ಲಿ ಉತ್ತರ ಧ್ರುವ, ಇನ್ನೊಂದರಲ್ಲಿ ದಕ್ಷಿಣ ಧ್ರುವ ಉಳಿಯುವುದಿಲ್ಲ. ಎರಡೂ ತುಂಡಿಗೆ ಎರಡೆರಡು ಧ್ರುವ ಇರುತ್ತವೆ. ಒಳಗಿನ ಪುಟಾಣಿಗಳಿಗೆಲ್ಲ ಎರಡೂ ತುದಿ ಇರುವಾಗ ಬೇರೆ ಹೇಗಾದೀತು? ಒಂದು ಎಚ್ಚರಿಕೆಯ ಮಾತು: ಆಟಿಕೆಗಳಲ್ಲಿ ಬರುವ ಹೊಳೆಯುವ ಗುಂಡಿಯಂಥ ಆಯಸ್ಕಾಂತಗಳು ತುಂಬಾ ಬಲಶಾಲಿ. ಪುಟ್ಟ ಮಕ್ಕಳು ಎರಡನ್ನು ನುಂಗಿಬಿಟ್ಟರೆ ಅವು ಕರುಳಿನ ಗೋಡೆಗಳನ್ನು ನಡುವೆ ಸಿಕ್ಕಿಸಿ ಒಂದಕ್ಕೊಂದು ಅಂಟಿ, ಕರುಳು ತೂತಾಗಬಹುದು. ತಮ್ಮ, ತಂಗಿಯರ ಕೈಗೆ ಸಿಗದಂತೆ ಇಡಿ.

ಈ ಒಗ್ಗಟ್ಟನ್ನು ಕೆಡಿಸುವುದೂ ಸುಲಭ. ಸುತ್ತಿಗೆಯಿಂದ ಬಡಿದರೆ ಸಾಕು, ಸ್ವಲ್ಪ ಕೆಡುತ್ತದೆ. ಪೂರ್ತಿ ಕೆಡಬೇಕಾದರೆ ಕಾಯಿಸಬೇಕು. ಬಿಸಿ ಜಾಸ್ತಿ ಆದಂತೆ ಪರಮಾಣುಗಳು ನಡುಗುತ್ತವೆ, ಒಂದು ಹಂತ ದಾಟಿದ ಮೇಲೆ ಅಕ್ಕಪಕ್ಕದವು ಒಂದೇ ಕಡೆ ನಿಲ್ಲುವುದೇ ಇಲ್ಲ. ಪಿಯರ್ ಕ್ಯೂರಿ 1895ರಲ್ಲಿ ಇದನ್ನು ವಿವರವಾಗಿ ಅಳೆದು ತೋರಿಸಿದರು. ಹಾಗಾಗಿ ಅದಕ್ಕೆ ಕ್ಯೂರಿ ತಾಪ ಎನ್ನುತ್ತಾರೆ. ಕಬ್ಬಿಣಕ್ಕೆ ಅದು 770 ಡಿಗ್ರಿ ಸೆಲ್ಸಿಯಸ್. ಗ್ಯಾಡೊಲಿನಿಯಂ ಎಂಬ ಲೋಹಕ್ಕೆ ಬರೀ 20 ಡಿಗ್ರಿಯ ಆಸುಪಾಸು! ಬೆಂಗಳೂರಿನ ಚಳಿಗಾಲದ ಬೆಳಗ್ಗೆ ಆಯಸ್ಕಾಂತಕ್ಕೆ ಅಂಟುವ ಅದರ ಚೂರು, ಮಧ್ಯಾಹ್ನದ ಬಿಸಿಲಿಗೆ ಕಳಚಿ ಬೀಳುತ್ತದೆ. ನನಗೆ ಇಷ್ಟು ಖುಷಿ ಕೊಡುವ ಲೋಹ ಇನ್ನೊಂದಿಲ್ಲ.

ಈಗ ತಟ್ಟೆಯ ವಿಷಯ. ಕಬ್ಬಿಣಕ್ಕೆ ಕ್ರೋಮಿಯಂ ಜೊತೆ ಸಾಕಷ್ಟು ನಿಕ್ಕಲ್ ಸೇರಿಸಿದರೆ ಪರಮಾಣುಗಳು ಜೋಡಿಸಿಕೊಳ್ಳುವ ರೀತಿಯೇ ಬದಲಾಗುತ್ತದೆ. ಆ ಹೊಸ ಜೋಡಣೆಯಲ್ಲಿ ಅವು ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ. ಕಬ್ಬಿಣ ಇದ್ದರೂ ಒಗ್ಗಟ್ಟಿಲ್ಲ. ಬರೀ ಕ್ರೋಮಿಯಂ ಸೇರಿಸಿದ ಸ್ಟೀಲಿಗೆ ಆಯಸ್ಕಾಂತ ಚೆನ್ನಾಗಿಯೇ ಅಂಟುತ್ತದೆ. ಅದೂ ಅಸಲಿ ಸ್ಟೇನ್‌ಲೆಸ್ ಸ್ಟೀಲೇ. ಇನ್ನೊಂದು ಕಡೆ, ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ ಅಗ್ಗದ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ. ಹಾಗಾಗಿ ಆಯಸ್ಕಾಂತ ಹಿಡಿದು ಸ್ಟೀಲಿನ ಗುಣಮಟ್ಟ ಹೇಳಲು ಬರುವುದಿಲ್ಲ. ಇಂಡಕ್ಷನ್ ಒಲೆಗೆ ಪಾತ್ರೆ ಆರಿಸುವಾಗ ಮಾತ್ರ ಈ ಪರೀಕ್ಷೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಅಲ್ಲಿ ತಳಕ್ಕೆ ಅಂಟಲೇಬೇಕು. ಅಂಟದ ಸ್ಟೀಲಿನ ಸಿಂಕ್ ಮನೆಯಲ್ಲಿದ್ದರೆ ಅದರ ಮೂಲೆಗಳಿಗೆ ಆಯಸ್ಕಾಂತ ಹಿಡಿದು ನೋಡಿ. ಒತ್ತಿ ಬಗ್ಗಿಸಿದ ಜಾಗದಲ್ಲಿ ಪರಮಾಣುಗಳ ಜೋಡಣೆ ಸ್ವಲ್ಪ ಬದಲಾಗಿರುವುದರಿಂದ ಅಲ್ಲಿ ಸಣ್ಣಗೆ ಎಳೆತ ಸಿಗಬಹುದು.

ಭೂಮಿಯೇ ಒಂದು ದೊಡ್ಡ ಆಯಸ್ಕಾಂತ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲೇ ಬರೆದರು. ಆದರೆ ಭೂಮಿಯ ನಡುವಿನಲ್ಲಿ ಸಾವಿರಾರು ಡಿಗ್ರಿ ಬಿಸಿ. ಅಂಥಲ್ಲಿ ಯಾವ ಆಯಸ್ಕಾಂತವೂ ಉಳಿಯದು. ಇದಕ್ಕೆ ಸುಳಿವು ಸಿಕ್ಕಿದ್ದು 1820ರಲ್ಲಿ. ಡೆನ್ಮಾರ್ಕಿನ ಅರ್ಸ್ಟೆಡ್ ತಂತಿಯಲ್ಲಿ ವಿದ್ಯುತ್ ಹರಿಸಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗಿತು. ವಿದ್ಯುತ್ ಹರಿದರೆ ಕಾಂತಶಕ್ತಿ ಹುಟ್ಟುತ್ತದೆ. ನಮ್ಮ ಕಾಲಡಿಯಲ್ಲಿ ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣ ಸದಾ ಹೊರಳಾಡುತ್ತಿದೆ. ಅದರಲ್ಲಿ ಹರಿಯುವ ವಿದ್ಯುತ್ತೇ ಭೂಮಿಯನ್ನು ಆಯಸ್ಕಾಂತ ಮಾಡಿದೆ. ಮುಳ್ಳಿನ ಉತ್ತರ ತುದಿಯನ್ನು ಎಳೆಯುವ ಆ ಉತ್ತರದ ಜಾಗ, ಕಾಂತದ ಲೆಕ್ಕದಲ್ಲಿ ದಕ್ಷಿಣ ಧ್ರುವ! ಪರೀಕ್ಷೆಯಲ್ಲಿ ಬಹಳ ಮಕ್ಕಳು ಎಡವುವುದು ಇಲ್ಲೇ.

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದದ್ದು. ಗೋಲ ಗುಮ್ಮಟ ಕಟ್ಟಿದ್ದೂ ಅಂಥ ಕಲ್ಲಿನಿಂದಲೇ. ಅದರೊಳಗೆ ಮ್ಯಾಗ್ನೆಟೈಟ್ ಎಂಬ ಖನಿಜದ ಸಣ್ಣ ಕಣಗಳಿವೆ. ಲಾವಾ ಆರುತ್ತಾ ಕ್ಯೂರಿ ತಾಪಕ್ಕಿಂತ ಕೆಳಗೆ ಇಳಿದಾಗ ಆ ಕಣಗಳು ಆಗಿನ ಭೂಮಿಯ ಕಾಂತದ ದಿಕ್ಕನ್ನು ಹಿಡಿದು ಹಾಗೇ ಉಳಿದವು. ಮೇಲೆ ಕೆಳಗೆ ವಾಲಬಲ್ಲ ಕಾಂತದ ಮುಳ್ಳು ಸಮಭಾಜಕದ ಹತ್ತಿರ ಮಟ್ಟಸವಾಗಿರುತ್ತದೆ, ಧ್ರುವದ ಕಡೆ ಹೋದಂತೆ ವಾಲುತ್ತದೆ. ಇವತ್ತು ದಕ್ಷಿಣ ಭಾರತದಲ್ಲಿ ಅದು ಬಹುತೇಕ ಮಟ್ಟಸ. ಆದರೆ ಈ ಕಲ್ಲುಗಳೊಳಗಿನ ದಿಕ್ಕು ಚೆನ್ನಾಗಿಯೇ ವಾಲಿದೆ. ಅದನ್ನು ಅಳೆದ ವಿಜ್ಞಾನಿಗಳಿಗೆ ತಿಳಿದದ್ದು ಇದು: ಲಾವಾ ಹರಿದಾಗ ನಮ್ಮ ನೆಲ ಇದ್ದದ್ದು ಸಮಭಾಜಕದ ಆಚೆ, ದಕ್ಷಿಣದಲ್ಲಿ ಬಹಳ ದೂರ. ಕೆಲವು ಪದರಗಳಲ್ಲಂತೂ ಉತ್ತರ, ದಕ್ಷಿಣ ಎರಡೂ ಅದಲುಬದಲಾಗಿವೆ. ಭೂಮಿಯ ಧ್ರುವಗಳು ಹೀಗೆ ಪೂರ್ತಿ ಅದಲುಬದಲಾಗಿ ಕೊನೆಯ ಬಾರಿ ನೆಲೆಗೊಂಡದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ.