ಕುಂಟುವುದು ನಿಂತ ಮಾತ್ರಕ್ಕೆ ಕಾಲು ವಾಸಿಯಾಗುವುದಿಲ್ಲ

ಎಲ್ಲರ ಮೆಚ್ಚಿನ ಆ ಹೆಣ್ಣುಕುದುರೆ ಮತ್ತೆ ಯಾವಾಗ ಓಡುತ್ತಾಳೆ ಎಂದು ಕೇಳದ ರೇಸ್ ಪ್ರಿಯರು ಈಗ ಮೈಸೂರಿನಲ್ಲಿಲ್ಲ. ಮಾಲೀಕರ ಒಪ್ಪಿಗೆಯಿಲ್ಲದೆ ಅವಳ ಹೆಸರು ಬರೆಯಲಾರೆ. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸ್‌ಗೆ ಹೋಗುವವರಿಗೆ ಹೆಸರು ಹೇಳಬೇಕಾಗಿಯೂ ಇಲ್ಲ. ಪ್ರಶ್ನೆಯ ಬಗ್ಗೆ ನನಗೆ ಬೇಸರವಿಲ್ಲ, ಅದು ಪ್ರೀತಿಯಿಂದಲೇ ಬಂದದ್ದು. ಅದರ ಹಿಂದೆಯೇ ಬರುವ ಮಾತು ಮಾತ್ರ ನನ್ನ ತಾಳ್ಮೆ ಕೆಡಿಸುತ್ತದೆ: "ಊತ ಇಳಿದಿದೆಯಂತೆ, ಕುಂಟುವುದೂ ನಿಂತಿದೆಯಂತೆ. ಮೂಳೆಯೂ ಮುರಿದಿಲ್ಲ. ಮತ್ತೇಕೆ ಡಾಕ್ಟರೇ, ಇನ್ನೂ ಲಾಯದಲ್ಲೇ ನಿಲ್ಲಿಸಿದ್ದೀರಿ?"

ಅವಳಿಗೆ ಪೆಟ್ಟಾಗಿರುವುದು ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುವಿಗೆ, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿಗೆ. ಕುದುರೆಯ ಮೊಣಕಾಲಿನ ಕೆಳಗೆ ಮಾಂಸಖಂಡವೆಂಬುದೇ ಇಲ್ಲ. ಇರುವುದು ಮೂಳೆ, ರಜ್ಜು, ಅಸ್ಥಿಬಂಧ, ಚರ್ಮ, ಅಷ್ಟೆ. ನಾಲ್ಕೂವರೆ, ಐದು ಕ್ವಿಂಟಾಲ್ ತೂಗುವ ಪ್ರಾಣಿ ನಾಗಾಲೋಟದಲ್ಲಿ ಒಂದೊಂದು ಹೆಜ್ಜೆಯಲ್ಲೂ ಒಂದು ಕ್ಷಣ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಆ ಭಾರಕ್ಕೆ ರಜ್ಜು ಹಿಗ್ಗಬೇಕು, ಮರುಕ್ಷಣ ಹಿಂದಿರುಗಬೇಕು. ಪಂದ್ಯದ ಕುದುರೆಯಲ್ಲಿ ಈ ಹಿಗ್ಗುವಿಕೆ ಹರಿಯುವ ಮಿತಿಗೆ ಬಹಳ ಹತ್ತಿರ ಹೋಗುತ್ತದೆ. ಜೊತೆಗೆ ರಜ್ಜುವಿನ ಒಡಲಿನಲ್ಲಿ ಶಾಖ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದನ್ನು ಅಳೆದು ನೋಡಿದ್ದಾರೆ. ರಕ್ತಸಂಚಾರವೋ ಕಡಿಮೆ. ಹಾಗಾಗಿ ರಜ್ಜು ಹೆಚ್ಚಾಗಿ ಹರಿದುಹೋಗುವುದು ನಡುಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ.

ಈಗ ಎಲ್ಲರೂ ತಪ್ಪಾಗಿ ತಿಳಿಯುವ ವಿಷಯಕ್ಕೆ ಬರುತ್ತೇನೆ. ಊತ, ಬಿಸಿ, ನೋವು, ಕುಂಟು ಇವೆಲ್ಲ ಉರಿಯೂತದ ಲಕ್ಷಣಗಳು. ತಣ್ಣೀರು, ಮಂಜುಗಡ್ಡೆ, ಬ್ಯಾಂಡೇಜು, ಔಷಧ, ವಿಶ್ರಾಂತಿ ಸಿಕ್ಕರೆ ಕೆಲವು ವಾರಗಳಲ್ಲಿ ಉರಿಯೂತ ತಗ್ಗುತ್ತದೆ, ಕುದುರೆ ನೆಟ್ಟಗೆ ನಡೆಯುತ್ತದೆ. ಆದರೆ ತಗ್ಗಿದ್ದು ಉರಿಯೂತ. ಹರಿದದ್ದು ಹರಿದೇ ಇದೆ. ಆ ಜಾಗವನ್ನು ದೇಹ ಆತುರಾತುರವಾಗಿ ಗಾಯದ ಅಂಗಾಂಶದಿಂದ ತುಂಬಿರುತ್ತದೆ. ಆರೋಗ್ಯವಂತ ರಜ್ಜುವಿನ ಎಳೆಗಳು ಮಗ್ಗದ ಹಾಸಿನಂತೆ ಒಂದೇ ದಿಕ್ಕಿಗೆ, ಒಂದೇ ಬಿಗಿಯಲ್ಲಿರುತ್ತವೆ. ಹೊಸದಾಗಿ ತುಂಬಿಕೊಂಡ ಎಳೆಗಳು ಅಡ್ಡಾದಿಡ್ಡಿ, ಬಲವೂ ಸಾಲದು. ಅವು ಬಲಿತು ಒಂದು ದಿಕ್ಕಿಗೆ ಬರಲು ತಿಂಗಳುಗಳು ಬೇಕು, ಅದೂ ಅಳತೆಯ ನಡಿಗೆಯಿಂದ ಮಾತ್ರ. ಮೊದಲು ಕೈಯಲ್ಲಿ ಹಿಡಿದು ಸ್ವಲ್ಪ ನಡೆಸುವುದು, ಆಮೇಲೆ ಹೆಚ್ಚು ಹೊತ್ತು, ಆಮೇಲೆ ನಿಧಾನದ ಓಟ. ಒಂಬತ್ತು ತಿಂಗಳು, ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟಾದರೂ ಮೊದಲಿನ ಹಿಗ್ಗುವ ಗುಣ ಪೂರ್ತಿ ಮರಳುವುದಿಲ್ಲ, ಮತ್ತೆ ಹರಿಯುವ ಅಪಾಯ ಉಳಿದೇ ಇರುತ್ತದೆ.

ಸ್ಕ್ಯಾನಿಂಗ್ ಚಿತ್ರದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಸರಿಯಿರುವ ರಜ್ಜು ಒಂದೇ ಸಮನಾದ ಬಿಳಿ ಗೆರೆಗಳಾಗಿ ಕಾಣಿಸಿದರೆ, ಹರಿದ ಜಾಗ ಕಪ್ಪಾಗಿರುತ್ತದೆ. ಕುದುರೆ ಕುಂಟದೆ ನಡೆದ ದಿನವೂ ಆ ಕಪ್ಪು ಅಲ್ಲಿರುತ್ತದೆ. ಮಾಲೀಕರನ್ನು ಪರದೆಯ ಮುಂದೆ ಕೂರಿಸಿ ತೋರಿಸುತ್ತೇನೆ. ತಲೆಯಾಡಿಸುತ್ತಾರೆ. ಹೊರಗೆ ಬಂದು ಕುದುರೆ ನಡೆಯುವುದನ್ನು ನೋಡಿದೊಡನೆ, "ಆದರೂ ಈಗ ಚೆನ್ನಾಗಿದೆಯಲ್ಲ?" ಎನ್ನುತ್ತಾರೆ.

ಮಂಡ್ಯದ ಕಡೆಯ ರೈತರೊಬ್ಬರು ರೇಸಿನಿಂದ ನಿವೃತ್ತವಾದ ಕುದುರೆಯೊಂದನ್ನು ಆಸೆಯಿಂದ ಸಾಕಿದ್ದರು. ಕಬ್ಬಿನ ಗದ್ದೆಯ ಪಕ್ಕದಲ್ಲೇ ಒಳ್ಳೆಯ ಲಾಯ, ಹಸಿಮೇವಿಗೆ ಕೊರತೆಯಿಲ್ಲ, ಮಗನಿಗಿಂತ ಹೆಚ್ಚು ಮುದ್ದು. ಅದಕ್ಕೂ ಇದೇ ಪೆಟ್ಟು. ಊತ ಇಳಿದ ಮೇಲೆ ನಾಲೆಯ ಏರಿಯ ಮೇಲೆ ಮಗನನ್ನು ಹತ್ತಿಸಿ ಓಡಿಸಿದರು. ಮರುದಿನ ನಾನು ಹೋಗುವಷ್ಟರಲ್ಲಿ ಕಾಲು ಮೊದಲಿಗಿಂತ ದಪ್ಪ. "ನೀವು ಕೊಟ್ಟ ಔಷಧ ಹಿಡಿಯಲಿಲ್ಲ ಸ್ವಾಮಿ" ಎಂದರು. ಕೋಪ ಬಂತು. ಆದರೆ ಆ ರಾತ್ರಿಯೆಲ್ಲ ಕುದುರೆಯ ಕಾಲಿಗೆ ನೀರು ಹಾಕುತ್ತಾ ಕುಳಿತಿದ್ದವರೂ ಅವರೇ ಎಂದು ಮನೆಯವರು ಹೇಳಿದಾಗ ಏನೆನ್ನಲಿ?

ನಂತರ ಅವರು ಕೇಳಿದ್ದು, "ಬರೆ ಹಾಕಿಸಲೇ?" ನಮ್ಮ ಕಡೆ ದನಕ್ಕೂ ಕುದುರೆಗೂ ಬರೆ ಹಾಕಿಸುವ ರೂಢಿಯಿದೆ. ಹಳ್ಳಿಯವರ ಮೌಢ್ಯವೆಂದು ಪೇಟೆಯವರು ಮೂಗು ಮುರಿಯಬೇಕಿಲ್ಲ. ಇಂಗ್ಲೆಂಡಿನ ರೇಸ್ ಕುದುರೆಗಳ ಕಾಲಿಗೂ ತಲೆಮಾರುಗಳ ಕಾಲ ಕಾದ ಕಬ್ಬಿಣ ಇಟ್ಟಿದ್ದಾರೆ. ಅದರಿಂದ ಪ್ರಯೋಜನವಿಲ್ಲವೆಂದು ಬ್ರಿಸ್ಟಲ್‌ನ ಸಂಶೋಧಕರು 1983ರಲ್ಲಿ ವರದಿ ಮಾಡಿದರು. ಬರೆ ಹಾಕಿದ ಮೇಲೆ ಕುದುರೆಯನ್ನು ತಿಂಗಳುಗಟ್ಟಲೆ ಬಿಟ್ಟುಬಿಡುತ್ತಿದ್ದರು. ಗುಣ ಕಂಡಿದ್ದರೆ ಅದು ಆ ವಿಶ್ರಾಂತಿಯಿಂದ ಎಂದೇ ನನ್ನ ಅಭಿಪ್ರಾಯ. ಪ್ಲೇಟ್‌ಲೆಟ್ ಚುಚ್ಚುಮದ್ದು, ಕಾಂಡಕೋಶ ಚಿಕಿತ್ಸೆಗಳ ಬಗ್ಗೆಯೂ ಕೇಳುತ್ತಾರೆ. ಆಯ್ದ ಕುದುರೆಗಳಲ್ಲಿ ನೆರವಾಗಬಹುದು. ಆದರೆ ಕಾಯುವ ಕಾಲವನ್ನು ಯಾವುದೂ ರದ್ದು ಮಾಡುವುದಿಲ್ಲ.

"ಮೂಳೆ ಮುರಿದಿಲ್ಲವಲ್ಲ" ಎನ್ನುವ ಸಮಾಧಾನದ ಬಗ್ಗೆಯೂ ಹೇಳಬೇಕು. ಮೂಳೆ ಕೂಡಿದರೆ ಮತ್ತೆ ಮೂಳೆಯಾಗಿಯೇ ಕೂಡುತ್ತದೆ. ಜಪಾನಿನ ರೇಸ್ ಕುದುರೆ ಟೋಕಾಯ್ ಟೇಯೋ ಮತ್ತೆ ಮತ್ತೆ ಮೂಳೆ ಮುರಿದುಕೊಂಡು, ಸುಮಾರು ಒಂದು ವರ್ಷ ಪಂದ್ಯದಿಂದ ದೂರವಿದ್ದು, 1993ರ ಅರಿಮಾ ಕಿನೆನ್ ಎಂಬ ದೊಡ್ಡ ಪಂದ್ಯ ಗೆದ್ದ. ಅದೇ ದೇಶದ ಆಗ್ನೆಸ್ ಟ್ಯಾಕಿಯಾನ್ ಸೋಲನ್ನೇ ಕಾಣದೆ 2001ರಲ್ಲಿ ರಜ್ಜುವಿನ ಪೆಟ್ಟಿನಿಂದ ನಿವೃತ್ತನಾದ. ಹಾಗೆಂದು ಮೂಳೆ ಮುರಿತ ಹಗುರವೇನಲ್ಲ. ಅಮೆರಿಕದಲ್ಲಿ 2006ರ ಕೆಂಟಕಿ ಡರ್ಬಿ ಪಂದ್ಯ ಗೆದ್ದ ಕುದುರೆ ಬಾರ್ಬರೊ ಮುಂದಿನ ಪಂದ್ಯದಲ್ಲೇ ಹಿಂಗಾಲು ಮುರಿದುಕೊಂಡ. ಅದಕ್ಕೆ ಲೋಹದ ಪಟ್ಟಿ, ಸ್ಕ್ರೂ ಹಾಕಿ ಕೂಡಿಸಿದರು. ಭಾರ ಹೊತ್ತ ಇನ್ನೊಂದು ಕಾಲಿನ ಗೊರಸು ಕೆಟ್ಟಿತು. ಕೊನೆಗೆ 2007ರ ಜನವರಿಯಲ್ಲಿ ದಯಾಮರಣ ಕೊಡಬೇಕಾಯಿತು. ನಮ್ಮ ಹುಡುಗಿಯ ಸರಿಯಿರುವ ಕಾಲಿಗೂ ಮೊದಲ ವಾರಗಳಲ್ಲಿ ಆಧಾರದ ಬ್ಯಾಂಡೇಜು ಕಟ್ಟಿದ್ದು ಆ ಭಯದಿಂದ.

ನಮ್ಮ ಹುಡುಗಿಯ ಗಾಯವನ್ನು ಮೊದಲು ಕಂಡುಹಿಡಿದವರು ನಾನಲ್ಲ, ಅವಳನ್ನು ನೋಡಿಕೊಳ್ಳುವ ಸೈಸ್. ಬೆಳಗಿನ ತಾಲೀಮಿಗೆ ಮೊದಲು ದಿನವೂ ನಾಲ್ಕೂ ಕಾಲುಗಳ ಮೇಲೆ ಅಂಗೈ ಆಡಿಸುವ ಮನುಷ್ಯ. "ಇಲ್ಲಿ ಬಿಸಿ ಇದೆ, ನಿನ್ನೆ ಇರಲಿಲ್ಲ" ಎಂದು ಟ್ರೈನರ್‌ಗೆ ಹೇಳಿ ಅಂದಿನ ಓಟ ತಪ್ಪಿಸಿದರು. ಅಂದು ಅವಳು ಪೂರ್ತಿ ವೇಗದಲ್ಲಿ ಓಡಿದ್ದರೆ ಈ ಅಂಕಣದ ವಿಷಯವೇ ಬೇರೆಯಾಗುತ್ತಿತ್ತು. ಕುದುರೆಯ ಬಗ್ಗೆ ತಿಳಿಯಬೇಕೆಂದರೆ ಅಂಥವರನ್ನು ಕೇಳಿ. ಬಾಜಿ ಪುಸ್ತಕ ಹಿಡಿದು ಕಾಲಿನ ವಿಚಾರ ಮಾತನಾಡುವವರ ಮಾತು ಬೇಡ.

ಅವಳು ಮತ್ತೆ ಓಡುತ್ತಾಳೆಯೇ? ಓಡಬಹುದು. ಮುಂದಿನ ಸ್ಕ್ಯಾನ್ ನೋಡದೆ ಅದಕ್ಕಿಂತ ಹೆಚ್ಚು ಹೇಳಲಾರೆ. ಓಡದಿದ್ದರೆ ಸ್ಟಡ್ ಫಾರ್ಮ್‌ನಲ್ಲಿ ಮರಿ ಹಾಕಿಕೊಂಡು ನೆಮ್ಮದಿಯಾಗಿರಬಹುದು. ಕುಂಟದ ಕಾಲನ್ನು ನಂಬಿ ಈ ಋತುವಿನಲ್ಲೇ ಓಡಿಸಿದರೆ ಆ ದಾರಿಯೂ ಮುಚ್ಚಬಹುದು.

ಇನ್ನೊಂದು ಕೋರಿಕೆ. ಅವಳಿಗೆಂದು ಗೇಟಿನ ಬಳಿ ಬೆಲ್ಲದ ಅಚ್ಚು ಕೊಟ್ಟುಹೋಗುವವರಿದ್ದಾರೆ. ದಯವಿಟ್ಟು ಬೇಡ. ಓಟವಿಲ್ಲದೆ ನಿಂತಿರುವ ಕುದುರೆಗೆ ಓಟ್ಸ್, ಹುರುಳಿಯನ್ನೇ ಕಡಿಮೆ ಮಾಡಿದ್ದೇವೆ. ತೂಕ ಏರಿದರೆ ಕಾಲಿಗೂ ಗೊರಸಿಗೂ ಕೆಡುಕು. ಕೊಡಲೇಬೇಕೆಂದಿದ್ದರೆ ಒಂದೆರಡು ಕ್ಯಾರೆಟ್ ಸಾಕು, ಅದೂ ಸೈಸ್ ಒಪ್ಪಿದರೆ.