ಭೂಮಿಯ ಅಂಚನ್ನು ಹುಡುಕುವ ಕಣ್ಣು

ಉಪಗ್ರಹಕ್ಕೆ ಕೆಳಗೆ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ಇದನ್ನೇ. ಕಕ್ಷೆಯಲ್ಲಿ ತೂಗುಗುಂಡು ಇಳಿಬಿಟ್ಟು ನೋಡಲಾಗುವುದಿಲ್ಲ. ಭೂಮಿ ಎಲ್ಲಿದೆ ಎಂದು ನೋಡಿಯೇ ತಿಳಿಯಬೇಕು. ಭೂಮಿಯ ಅಂಚನ್ನು ಹುಡುಕುವ ಸೆನ್ಸರ್ ಮಾಡುವುದು ಇದನ್ನೇ.

ಹಾಗಾದರೆ ಸಾಮಾನ್ಯ ಕ್ಯಾಮೆರಾ ಸಾಕಲ್ವಾ? ಸಾಲದು. ಭೂಮಿಯ ಅರ್ಧ ಭಾಗ ಯಾವಾಗಲೂ ಕತ್ತಲಲ್ಲಿರುತ್ತದೆ. ಹಗಲು ಮುಗಿಯುವ ಗೆರೆಯನ್ನೇ ಭೂಮಿಯ ಅಂಚು ಎಂದುಕೊಳ್ಳುವ ಅಪಾಯವಿದೆ. ಶಾಖದ ವಿಷಯ ಹಾಗಲ್ಲ. ಭೂಮಿ ಹಗಲೂ ರಾತ್ರಿಯೂ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಕಿರಣ ಸೂಸುತ್ತಲೇ ಇರುತ್ತದೆ. ಅದರ ಹಿಂದಿರುವ ಬಾಹ್ಯಾಕಾಶ ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್.

ಆದರೆ ಯಾವ ಅವಗೆಂಪು ಎನ್ನುವುದು ಮುಖ್ಯ. 8ರಿಂದ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಉದ್ದದ ಅಲೆಗಳಲ್ಲಿ ನೋಡಿದರೆ ಬಿಸಿ ಮರುಭೂಮಿ, ತಣ್ಣನೆಯ ಮೋಡದ ನೆತ್ತಿ ಎಲ್ಲವೂ ಕಾಣುತ್ತವೆ. ಅಂಚು ಒಂದೊಂದು ಕಡೆ ಒಂದೊಂದು ಥರ. ಅದಕ್ಕೇ ನಾವು 14ರಿಂದ 16 ಮೈಕ್ರಾನ್ ಆರಿಸುತ್ತೇವೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಕೆಳಗಿನ ಕಿರಣಗಳನ್ನು ಹೀರಿಕೊಂಡು, ತಾನೇ ಹೊಳೆಯುತ್ತದೆ. ಈ ಅನಿಲ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಸಮ ಬೆರೆತಿದೆ. ಹಾಗಾಗಿ ಅಂಚು ಸುಮಾರು 40 ಕಿ.ಮೀ. ಎತ್ತರದಲ್ಲಿ ನಯವಾಗಿ ಕಾಣುತ್ತದೆ. ಮೋಡಗಳೆಲ್ಲ ಅದರ ಕೆಳಗೇ ಉಳಿದುಬಿಡುತ್ತವೆ. ಈ ಕಸುಬಿನಲ್ಲಿ ನನಗೆ ತುಂಬಾ ಇಷ್ಟವಾದ ಉಪಾಯ ಇದು.

ತಿರುಗುವ ಸೆನ್ಸರ್‌ನ ನೋಟ ಆಕಾಶವನ್ನು ಸುತ್ತು ಹಾಕುತ್ತದೆ. ತಣ್ಣಗಿನಿಂದ ಬೆಚ್ಚಗೆ, ಮತ್ತೆ ತಣ್ಣಗೆ: ಎರಡು ಅಂಚು ಸಿಕ್ಕವು. ಅವುಗಳ ನಡುಬಿಂದು ಪಿಚ್ (ಮೂತಿ ಮೇಲೆ-ಕೆಳಗೆ ವಾಲಿರುವುದು) ಹೇಳುತ್ತದೆ, ನಡುವಿನ ಅಗಲ ರೋಲ್ (ಪಕ್ಕಕ್ಕೆ ವಾಲಿರುವುದು) ಹೇಳುತ್ತದೆ. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಿಂದ ಭೂಮಿ ಬರೀ 17.4 ಡಿಗ್ರಿ ಅಗಲ. 500 ಕಿ.ಮೀ. ಎತ್ತರದಿಂದಾದರೆ ಸುಮಾರು 136 ಡಿಗ್ರಿ. ಒಂದೇ ಸೆನ್ಸರ್ ಎರಡೂ ಕಡೆ ನಡೆಯುವುದಿಲ್ಲ.

ನಯವಾದ ಅಂಚು ಎಂದೆ, ಆದರೆ ಚಳಿಗಾಲದ ಧ್ರುವದ ಮೇಲೆ ಆ ಗಾಳಿಪದರವೂ ತಣ್ಣಗಾಗುತ್ತದೆ. ಆಗ ಅಂಚು ಸ್ವಲ್ಪ ಒಳಗೆ ಸರಿದಂತೆ ಕಾಣುತ್ತದೆ. 0.1 ಡಿಗ್ರಿ ತಪ್ಪು ಸಣ್ಣದು ಅನ್ನಿಸಬಹುದು. ಭೂಸ್ಥಿರ ಕಕ್ಷೆಯಿಂದ ಅದು ನೆಲದ ಮೇಲೆ 60 ಕಿ.ಮೀ.ಗೂ ಜಾಸ್ತಿ! ಋತು, ಅಕ್ಷಾಂಶ ನೋಡಿ ತಿದ್ದುಪಡಿ ಹಾಕಲೇಬೇಕು. ಸೂರ್ಯ ಅಂಚಿನ ಹತ್ತಿರ ಬಂದಾಗ ಆ ಕಡೆಯ ಅಳತೆಯನ್ನು ಸುಮ್ನೆ ಬಿಟ್ಟುಬಿಡುವುದೇ ಸರಿ.

ಇನ್ನೊಂದು ಮಿತಿಯಿದೆ. ಭೂಮಿ ದುಂಡಗಿದೆ. ಉಪಗ್ರಹ ಅದರತ್ತ ಮುಖ ಮಾಡಿಕೊಂಡೇ ಬುಗುರಿಯಂತೆ ತಿರುಗಿದರೂ ಸೆನ್ಸರ್‌ಗೆ ವ್ಯತ್ಯಾಸ ತಿಳಿಯದು. ‘ಯಾ’ (yaw) ಎನ್ನುವ ಆ ತಿರುವಿನ ಕೋನ ತಿಳಿಯಲು ಸೂರ್ಯನನ್ನೋ ನಕ್ಷತ್ರಗಳನ್ನೋ ನೋಡಬೇಕು. ನಕ್ಷತ್ರ ಸೆನ್ಸರ್ ಇದಕ್ಕಿಂತ ಎಷ್ಟೋ ನಿಖರ, ನಿಜ. ಆದರೆ ಉಪಗ್ರಹ ಹಿಡಿತ ತಪ್ಪಿ ಜೋರಾಗಿ ಉರುಳುವಾಗ ನಕ್ಷತ್ರಗಳು ಗೆರೆಗಳಾಗಿ ಕಲಸಿಹೋಗುತ್ತವೆ. ಬೆಚ್ಚಗಿನ ದೊಡ್ಡ ಭೂಮಿ ಆಗಲೂ ಕಣ್ಣಿಗೆ ಬೀಳುತ್ತದೆ.