ಬೆಣ್ಣೆ ಒಳ್ಳೇದಾ ಅಂತ ಕೇಳಬೇಡಿ, ಯಾವುದರ ಬದಲಿಗೆ ಅಂತ ಕೇಳಿ

ಕೊಬ್ಬರಿ ಎಣ್ಣೆ ಹೃದಯಕ್ಕೆ ವಿಷ ಅಂದರು. ಆಮೇಲೆ ಖಾಲಿ ಹೊಟ್ಟೆಗೆ ಎರಡು ಚಮಚ ಕುಡಿಯಿರಿ ಅಂದರು. ಮೊಟ್ಟೆಯ ಹಳದಿ ಬಿಸಾಕಿ ಅಂದರು. ಈಗ ಸತ್ವ ಇರೋದೇ ಹಳದಿಯಲ್ಲಿ ಅಂತಾರೆ. ತುಪ್ಪ ಬೇಡ, ತುಪ್ಪ ಬೇಕು. ಅನ್ನ ಬಿಡಿ, ಅನ್ನ ಬಿಡಬೇಡಿ. ದಾವಣಗೆರೆಯಲ್ಲಿ ಡಯಟಿಷಿಯನ್ ಆಗಿ ಕೆಲಸ ಮಾಡುವ ನನ್ನ ಎದುರು ಕೂತವರು ಇದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ಕೊನೆಗೆ ಕೇಳುವುದು ಇಷ್ಟೇ: "ಹಂಗಾದ್ರೆ ನಾವು ಏನ್ ತಿನ್ಬೇಕ್ರಿ ಮೇಡಂ?"

ಅವರ ಸಿಟ್ಟು ನ್ಯಾಯವಾದದ್ದೇ. ದುಡ್ಡು ಕೊಟ್ಟು ಮನೆಯ ಎಣ್ಣೆ ಬದಲಾಯಿಸಿದವರು ಅವರು, ಇಷ್ಟದ್ದನ್ನು ಬಿಟ್ಟವರು ಅವರು. ಆದರೆ ಆ ಸಿಟ್ಟಿನಲ್ಲಿ "ಯಾರ ಮಾತೂ ಕೇಳೋದು ಬೇಡ, ಎಲ್ಲಾ ತಿಂದುಬಿಡೋಣ" ಅಂತ ತೀರ್ಮಾನ ಮಾಡ್ತಾರಲ್ಲ, ನನಗೆ ಚಿಂತೆ ಆಗುವುದು ಅಲ್ಲಿ. ಯಾಕೆಂದರೆ ಸಲಹೆ ಅವರು ಅಂದುಕೊಂಡಷ್ಟು ಬದಲಾಗಿಲ್ಲ. ಸಲಹೆಯ ಅರ್ಧ ಭಾಗ ಅವರಿಗೆ ಮುಟ್ಟೇ ಇಲ್ಲ, ಅಷ್ಟೇ.

ಆ ಅರ್ಧ ಭಾಗ ಯಾವುದು ಅಂದರೆ, "ಯಾವುದರ ಬದಲಿಗೆ?" ಅನ್ನೋದು. ಇದೊಂದನ್ನು ನಾನು ದಿನಾ ಹೇಳುತ್ತೇನೆ, ದಿನಾ ಮರೆಯುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ಎಳೆದೇ ಹೇಳುತ್ತೇನೆ.

ನಮ್ಮ ಊರಿನ ಬೆಣ್ಣೆಯಿಂದಲೇ ಶುರು ಮಾಡೋಣ. 1984ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಕೊಲೆಸ್ಟರಾಲ್ ಬಗ್ಗೆ ಮುಖಪುಟ ಲೇಖನ ಮಾಡಿತು. ತಟ್ಟೆಯಲ್ಲಿ ಎರಡು ಮೊಟ್ಟೆ ಕಣ್ಣು, ಕೆಳಗೆ ಮಾಂಸದ ತುಂಡು ಬಾಯಿ, ಒಟ್ಟಾರೆ ಅಳುಮೋರೆ. ಅದೇ ಪತ್ರಿಕೆ 2014ರಲ್ಲಿ ಮುಖಪುಟದಲ್ಲೇ ಬೆಣ್ಣೆಯ ಚಿತ್ರ ಹಾಕಿ, ಬೆಣ್ಣೆ ತಿನ್ನಿ ಅಂದಿತು. ಮೂವತ್ತು ವರ್ಷದಲ್ಲಿ ಪೂರ್ತಿ ತಿರುಗುಮುರುಗು. ಓದಿದವರಿಗೆ ತಲೆ ಕೆಡದೆ ಇನ್ನೇನು?

ನಡುವೆ ಆದದ್ದು ಇದು. ಬೆಣ್ಣೆ ಕಡಿಮೆ ಮಾಡಿ ಅಂದಾಗ ಜನ ಬೆಣ್ಣೆ ಬಿಟ್ಟರು. ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ. ಹೊಟ್ಟೆಯಲ್ಲಿ ಖಾಲಿ ಜಾಗ ಯಾವತ್ತೂ ಉಳಿಯಲ್ಲ. ಕೆಲವರು ಆ ಜಾಗಕ್ಕೆ ಸೂರ್ಯಕಾಂತಿ, ಸೋಯಾ ತರದ ಎಣ್ಣೆ ತಂದರು. ಅವರ ಕೆಟ್ಟ ಕೊಲೆಸ್ಟರಾಲ್, ಅಂದರೆ ರಕ್ತನಾಳದಲ್ಲಿ ಕಟ್ಟಿಕೊಳ್ಳುವಂಥದ್ದು, ಇಳಿಯಿತು. ಕೆಲವರು ಕೊಬ್ಬಿಲ್ಲದ ಬಿಸ್ಕತ್ತು, ಬಿಳಿ ಬ್ರೆಡ್ಡು, ಸಕ್ಕರೆ ತಂದರು. ಅವರಿಗೆ ಲಾಭವೇನೂ ಆಗಲಿಲ್ಲ. ಇನ್ನು ಕೆಲವರು ಎಣ್ಣೆಯಿಂದ ಮಾಡಿದ, ಬೆಣ್ಣೆಯ ಹಾಗೆ ಕಾಣುವ ಮಾರ್ಗರಿನ್ ಹಚ್ಚಿದರು. ಅದರಲ್ಲಿ ಆಗ, ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಇರುತ್ತಿತ್ತು. ಈ ಕೊಬ್ಬು ಕೆಟ್ಟ ಕೊಲೆಸ್ಟರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಅಂತ ಡಚ್ ವಿಜ್ಞಾನಿಗಳು 1990ರಲ್ಲಿ ತೋರಿಸಿದರು. ಅಂದರೆ ಆ ಜನ ಬೆಣ್ಣೆಗಿಂತ ಕೆಟ್ಟದ್ದನ್ನು ತಿಂದಿದ್ದರು. ನೋಡಿ, ಬೆಣ್ಣೆ ಅದೇ ಬೆಣ್ಣೆ. ಬದಲಿಗೆ ಬಂದದ್ದು ಬೇರೆ ಬೇರೆ, ಹಾಗಾಗಿ ಮೂರು ಉತ್ತರ. ಎಲ್ಲರನ್ನೂ ಒಂದೇ ರಾಶಿಗೆ ಹಾಕಿ ಲೆಕ್ಕ ಹಿಡಿದವರಿಗೆ "ಬೆಣ್ಣೆ ಬಿಟ್ಟರೂ ವ್ಯತ್ಯಾಸ ಕಾಣಲಿಲ್ಲ" ಅಂತ ಬಂತು. ಪತ್ರಿಕೆಯವರು ಅದನ್ನು "ಬೆಣ್ಣೆ ತಿನ್ನಿ" ಅಂತ ಮಾಡಿದರು.

ನಮ್ಮಲ್ಲೂ ಇದೇ ಕಥೆ. 1937ರಲ್ಲಿ ಡಾಲ್ಡಾ ಬಂತು. ಅದು ವನಸ್ಪತಿ, ಅಂದರೆ ಎಣ್ಣೆಯನ್ನು ತುಪ್ಪದ ಹಾಗೆ ಗಟ್ಟಿ ಮಾಡಿದ್ದು; ಅದರಲ್ಲೂ ಟ್ರಾನ್ಸ್ ಕೊಬ್ಬು ಇರುತ್ತಿತ್ತು. ತುಪ್ಪ ದುಬಾರಿಯಾದ ಮನೆಗಳಲ್ಲಿ ಅದರ ಡಬ್ಬಿ ಕೂತಿತು. ಖಾಲಿಯಾದ ಡಬ್ಬಿಯಲ್ಲಿ ತುಳಸಿ ಬೆಳೆದದ್ದು ನಿಮಗೂ ನೆನಪಿರಬಹುದು. ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ಕ್ಕಿಂತ ಹೆಚ್ಚಿರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ.

ಹಾಗಾದರೆ ಬೆಣ್ಣೆ ದೋಸೆ? ಈ ಪ್ರಶ್ನೆ ಇಲ್ಲದೆ ನನ್ನ ದಿನ ಮುಗಿಯಲ್ಲ. ವಾರಕ್ಕೊಂದು ದಿನ ಇಷ್ಟಪಟ್ಟು ತಿನ್ನುವ ಆರೋಗ್ಯವಂತರಿಗೆ ನಾನು ಬೇಡ ಅನ್ನಲ್ಲ. ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಹಿಟ್ಟಿನಲ್ಲಿ ಅಕ್ಕಿ, ಮಂಡಕ್ಕಿ, ಮೇಲೆ ಬೆಣ್ಣೆ. ಅದು ಊಟದ ಬದಲಿಗೆ ಬರಲಿ, ಊಟದ ಜೊತೆಗೆ ಬೇಡ. ತಿಂಡಿಗೆ ದೋಸೆ ತಿಂದು, ಮಧ್ಯಾಹ್ನ ಎಂದಿನ ಊಟ ಮಾಡಿ, ಸಂಜೆ ಮಿರ್ಚಿ ಮಂಡಕ್ಕಿಗೆ ಕೈ ಹಾಕಿದರೆ ತಪ್ಪನ್ನು ಬೆಣ್ಣೆಯ ಮೇಲೆ ಹಾಕಲು ಬರುವುದಿಲ್ಲ.

ಮೊಟ್ಟೆಯದೂ ಇದೇ ಹಾಡು. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ದಾಟಬೇಡಿ ಅನ್ನುವ ಮಿತಿ ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿ ಇತ್ತು. ಒಂದು ದೊಡ್ಡ ಮೊಟ್ಟೆಯಲ್ಲೇ 200ರ ಹತ್ತಿರ ಇರುತ್ತದೆ. 2015ರ ಆವೃತ್ತಿಯಲ್ಲಿ ಆ ಅಂಕಿ ತೆಗೆದರು. ರಕ್ತದ ಕೊಲೆಸ್ಟರಾಲನ್ನು ಹೆಚ್ಚಾಗಿ ನಮ್ಮ ಲಿವರೇ ತಯಾರಿಸುತ್ತದೆ, ಹೆಚ್ಚಿನವರಲ್ಲಿ ಅದನ್ನು ಏರಿಸುವುದು ಊಟದ ಕೊಲೆಸ್ಟರಾಲ್‌ಗಿಂತ ಹೆಚ್ಚಾಗಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ, ತುಪ್ಪದಲ್ಲಿ ಜಾಸ್ತಿ ಇರುವಂಥದ್ದು. ಮೊಟ್ಟೆ ಎಷ್ಟು ಬೇಕಾದರೂ ತಿನ್ನಿ ಅಂತ ಸುದ್ದಿ ಹರಡಿತು. ಒಳ್ಳೆಯ ಊಟದ ಜೊತೆಗೆ ಕೊಲೆಸ್ಟರಾಲ್ ಆದಷ್ಟು ಕಡಿಮೆ ಇರಲಿ ಅಂತ ಅದೇ ಪುಸ್ತಕದಲ್ಲಿ ಬರೆದಿದ್ದರು. ಆ ಸಾಲು ಹರಡಲಿಲ್ಲ. ಬೆಳಗ್ಗೆ ಬ್ರೆಡ್ಡು ಜಾಮಿನ ಬದಲಿಗೆ ಬೇಯಿಸಿದ ಮೊಟ್ಟೆ ತಿಂದರೆ ನನಗೆ ಖುಷಿ. ರಾತ್ರಿ ಊಟ ಆದ ಮೇಲೆ ಗಾಡಿಯ ಎಗ್ ರೈಸ್ ತಿಂದು "ಮೊಟ್ಟೆ ಒಳ್ಳೇದು ಅಂದ್ರಲ್ಲ" ಅಂದರೆ ಏನು ಹೇಳಲಿ? ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಮೊಟ್ಟೆಯ ಲೆಕ್ಕ ತಮ್ಮ ಡಾಕ್ಟರ ಹತ್ತಿರವೇ ಕೇಳಬೇಕು.

ವಿಜ್ಞಾನ ಸುಮ್ಮಸುಮ್ಮನೆ ಮಾತು ಬದಲಿಸುತ್ತದೆ ಅನ್ನುವವರಿಗೆ ಕಾಫಿಯ ಉದಾಹರಣೆ ಕೊಡುತ್ತೇನೆ. 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರ್ ತರಬಹುದಾದ ಪಟ್ಟಿಗೆ ಹಾಕಿತು. 2016ರಲ್ಲಿ ತೆಗೆಯಿತು. ಜಾಸ್ತಿ ಕಾಫಿ ಕುಡಿಯುವವರಲ್ಲಿ ಬೀಡಿ ಸಿಗರೇಟು ಸೇದುವವರೂ ಜಾಸ್ತಿ. ಹಳೆಯ ಅಧ್ಯಯನಗಳಲ್ಲಿ ಸಿಗರೇಟಿನ ಪಾಪ ಕಾಫಿಯ ತಲೆಗೆ ಬಿದ್ದಿರುವ ಸಾಧ್ಯತೆ ಇತ್ತು. ದೊಡ್ಡ ಅಧ್ಯಯನಗಳು ಬಂದ ಮೇಲೆ ಚಿತ್ರ ತಿಳಿಯಾಯಿತು. ತಿದ್ದಿಕೊಳ್ಳುವುದು ಅಂದರೆ ಹೀಗೆ. ಇದನ್ನು ಮಾತು ತಪ್ಪೋದು ಅಂತ ಹೇಗೆ ಕರೆಯೋದು?

ಈಗ ನನಗೆ ನಿಜಕ್ಕೂ ಬೇಸರ ತರಿಸುವ ವಿಷಯಕ್ಕೆ ಬರುತ್ತೇನೆ. "ಒಳ್ಳೇದು" ಅಂದ ಕೂಡಲೇ ನಮ್ಮ ಜನ ಅದನ್ನು ಸೇರಿಸಿಕೊಳ್ಳುತ್ತಾರೆ. ಏನನ್ನೂ ತೆಗೆಯುವುದಿಲ್ಲ.

ಹೊಳಲ್ಕೆರೆ ಕಡೆಯ ಯಜಮಾನರೊಬ್ಬರು ಬರುತ್ತಾರೆ. ಅಡಿಕೆ ತೋಟ ಇದೆ, ಸಕ್ಕರೆ ಕಾಯಿಲೆಯೂ ಇದೆ. ಪಥ್ಯ ಬಿಡದೆ ಮಾಡ್ತಿದ್ದೀನಿ, ಆದರೂ ಶುಗರ್ ಇಳೀತಿಲ್ಲ ಅಂತ ಅವರ ದೂರು. ನಾನು ಪಥ್ಯದ ಬಗ್ಗೆ ಕೇಳಲಿಲ್ಲ. ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಬಾಯಿಗೆ ಹೋದದ್ದೆಲ್ಲ ಹೇಳಿ ಅಂದೆ. ಎದ್ದ ಕೂಡಲೇ ಮೆಂತ್ಯದ ನೀರು. ಆಮೇಲೆ ರಾಗಿ ಗಂಜಿ, ಮಗಳು ಹೇಳಿದ್ದಕ್ಕೆ. ಒಂಬತ್ತಕ್ಕೆ ಎಂದಿನ ಹಾಗೆ ಇಡ್ಲಿ, ವಡೆ. ತೋಟಕ್ಕೆ ಹೋಗಿ ಬಂದು ಬೆಲ್ಲದ ಟೀ, ಸಕ್ಕರೆ ಬಿಟ್ಟಿದ್ದಾರಲ್ಲ ಅದಕ್ಕೆ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಆಮೇಲೆ ಅನ್ನ, ಮಜ್ಜಿಗೆ. ರಾತ್ರಿ ನವಣೆ ಉಪ್ಪಿಟ್ಟು. "ಅದರ ಮೇಲೆ ಒಂದೀಟು ಅನ್ನ, ಇಲ್ಲಾಂದ್ರೆ ಊಟ ಮಾಡ್ದಂಗ ಆಗಲ್ರಿ ಮೇಡಂ." ಪಾಪ, ಒಂದೂ ಸುಳ್ಳು ಹೇಳದ ಮನುಷ್ಯ. ಹೇಳಿದ ಒಳ್ಳೆಯದನ್ನೆಲ್ಲ ಮಾಡಿದ್ದಾರೆ. ಅವರ ತಟ್ಟೆಯಿಂದ ಹೋದದ್ದು ಸಕ್ಕರೆ ಒಂದೇ. ಅದರ ಜಾಗಕ್ಕೆ ಬಂದ ಬೆಲ್ಲವೂ ರಕ್ತದಲ್ಲಿ ಸಕ್ಕರೆಯ ಕೆಲಸವನ್ನೇ ಮಾಡುತ್ತದೆ.

ರಾಗಿಯಲ್ಲಿ 100 ಗ್ರಾಂಗೆ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾರೂ ಜಾಸ್ತಿ. ಆದರೆ ಕಾರ್ಬೋಹೈಡ್ರೇಟ್ ನೋಡಿದರೆ ಅಕ್ಕಿಯಲ್ಲಿ 78 ಗ್ರಾಂ, ರಾಗಿಯಲ್ಲಿ 70 ಗ್ರಾಂ ಹತ್ತಿರ. ಅಷ್ಟೇ ವ್ಯತ್ಯಾಸ. ಅನ್ನದ ಬದಲಿಗೆ ಮುದ್ದೆ ತಿಂದರೆ ಲಾಭ. ಅನ್ನದ ಜೊತೆಗೆ ಮುದ್ದೆ ತಿಂದರೆ ಎರಡು ಊಟ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ ನವಣೆ, ಸಾವೆಯ ಮಾತು ಎಲ್ಲಾ ಕಡೆ ಕೇಳಿತು. ನಮ್ಮ ಹೊಸದುರ್ಗದ ಸಾವೆಗೆ ಬೆಲೆ ಬಂದರೆ ನನಗೂ ಸಂತೋಷವೇ. ಆದರೆ ಭದ್ರಾ ನಾಲೆಯ ನೀರು ಬಂದ ಮೇಲೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮೂರು ಹೊತ್ತೂ ಅನ್ನ ರೂಢಿಯಾಗಿದೆ. ಆ ಅನ್ನವನ್ನು ಕದಲಿಸದೆ ಪಕ್ಕಕ್ಕೆ ಸಾವೆ ಇಟ್ಟರೆ ಏನೂ ಆಗಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ದಿನದ ಶಕ್ತಿಯಲ್ಲಿ ಅಕ್ಕಿ, ಗೋಧಿ, ರಾಗಿ, ಸಿರಿಧಾನ್ಯ ಎಲ್ಲ ಸೇರಿ ಶೇ. 45 ದಾಟಬಾರದು ಅಂತ ಇದೆ. ಎಲ್ಲ ಸೇರಿ ಅನ್ನೋದನ್ನು ಇನ್ನೊಂದು ಸಲ ಓದಿ. ಉಳಿದ ಜಾಗ ಬೇಳೆ, ಕಾಳು, ತರಕಾರಿ, ಹಾಲು, ಮೊಟ್ಟೆಗೆ.

ಇದರ ಉಲ್ಟಾ ತಪ್ಪೂ ಇದೆ. ಚಳ್ಳಕೆರೆಯ ನಿವೃತ್ತ ಟೀಚರಮ್ಮ ಒಬ್ಬರು ಶೇಂಗಾದಲ್ಲಿ ಕೊಬ್ಬು ಅಂತ ಯಾರೋ ಹೇಳಿದ್ದಕ್ಕೆ ಶೇಂಗಾ ಚಟ್ನಿಪುಡಿ ಬಿಟ್ಟಿದ್ದರು. ಎಣ್ಣೆ ಗಿರಣಿಗಳಿಗೆ ಹೆಸರಾದ ಊರಿನವರು, ಹುಟ್ಟಿದಾಗಿನಿಂದ ತಿಂದದ್ದು. ಶೇಂಗಾದಲ್ಲಿ ಕಾಲು ಭಾಗ ಪ್ರೋಟೀನ್, ಕೊಬ್ಬಿನಲ್ಲೂ ಹೆಚ್ಚಿನದು ಹೃದಯಕ್ಕೆ ಒಗ್ಗುವಂಥದ್ದು. ಅದು ಹೋದ ಮೇಲೆ ನಾಲ್ಕು ಗಂಟೆಗೆ ಹಸಿವು. ಆ ಹಸಿವಿಗೆ ಏನು ತಿಂತೀರಿ ಅಮ್ಮಾ ಅಂದೆ. ಬ್ಯಾಗಿನಿಂದ ರಾಗಿ ಬಿಸ್ಕತ್ತಿನ ಪ್ಯಾಕೆಟ್ ತೆಗೆದರು. ಮುಂದುಗಡೆ ರಾಗಿ ತೆನೆ, ಹಸಿರು ಬಣ್ಣ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿಸಿದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ. ರಾಗಿ ನಾಲ್ಕನೆಯದು. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅಂತ ಕಾನೂನೇ ಇದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಂದು ಸಲ ಓದಿದರು. "ಇಷ್ಟು ವರ್ಷ ಮಕ್ಕಳಿಗೆ ಪೂರ್ತಿ ಓದ್ರಪ್ಪಾ ಅಂತಿದ್ದೆ" ಅಂದರು. ಒಂದು ಹಿಡಿ ಹುರಿದ ಶೇಂಗಾ ವಾಪಸ್ ಬರಲಿ, ಈ ಪ್ಯಾಕೆಟ್ ಹೋಗಲಿ ಅಂತ ಬರೆದುಕೊಟ್ಟೆ.

ಎಣ್ಣೆ ವಿಷಯ ಬೇಗ ಮುಗಿಸುತ್ತೇನೆ. ಗಾಣದ್ದಾ, ರಿಫೈನ್ಡಾ, ಶೇಂಗಾನಾ, ಕುಸುಬೆನಾ ಅಂತ ಕೇಳುವವರಿಗೆ ನನ್ನ ಪ್ರಶ್ನೆ ಒಂದೇ: ತಿಂಗಳಿಗೆ ಎಷ್ಟು ಲೀಟರ್? ನಾಲ್ಕು ಜನರ ಮನೆಗೆ ಐದು ಲೀಟರ್ ಡಬ್ಬಿ ಅಂದರೆ ತಲೆಗೆ ದಿನಕ್ಕೆ 40 ಮಿ.ಲೀ. ಮೇಲೆ. ಕೂತು ಕೆಲಸ ಮಾಡುವವರಿಗೆ 20ರಿಂದ 30 ಗ್ರಾಂ ಸಾಕು. ಡಬ್ಬಿ ಅಷ್ಟೇ ಖಾಲಿಯಾಗುತ್ತಿದ್ದರೆ ಗಾಣ ಬದಲಾಯಿಸಿ ಏನು ಬಂತು? ಕೊಬ್ಬರಿ ಎಣ್ಣೆಯಲ್ಲಿ ಶೇ. 90ರ ಹತ್ತಿರ ಸ್ಯಾಚುರೇಟೆಡ್ ಕೊಬ್ಬು. ಅದು ಕೆಟ್ಟ ಕೊಲೆಸ್ಟರಾಲನ್ನು ಶೇಂಗಾ, ಸೂರ್ಯಕಾಂತಿ ಎಣ್ಣೆಗಿಂತ ಜಾಸ್ತಿ ಏರಿಸುತ್ತದೆ. ಒಗ್ಗರಣೆಗೆ ಯಾವಾಗಲೋ ಹಾಕಿ, ಚಮಚದಲ್ಲಿ ಕುಡಿಯಬೇಡಿ.

ಇಷ್ಟು ಹೇಳಿದ್ದು ಎಲ್ಲರಿಗೂ ಒಂದೇ ತರ ಹೊಂದುವುದಿಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಕಾಳು, ಸೊಪ್ಪು, ಎಳನೀರಿನ ಲೆಕ್ಕವೇ ಬೇರೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳುವವರು ಇದನ್ನು ಓದಿ ನಾಳೆಯಿಂದ ಅನ್ನ ಅರ್ಧ ಮಾಡಬೇಡಿ. ಊಟ ಇಳಿದು ಔಷಧಿ ಅಷ್ಟೇ ಇದ್ದರೆ ಶುಗರ್ ತೀರಾ ಕೆಳಗೆ ಬಿದ್ದು ತಲೆಸುತ್ತು ಬಂದು ಬೀಳುತ್ತೀರಿ. ಮೊದಲು ಡಾಕ್ಟರಿಗೆ ಹೇಳಿ, ಔಷಧಿಯ ಪ್ರಮಾಣ ಹೊಂದಿಸಿಕೊಂಡು ಆಮೇಲೆ ಬದಲಾಯಿಸಿ.

ನನ್ನ ಹತ್ತಿರ ಬರುವವರಲ್ಲಿ ಒಂದು ವಿನಂತಿ. ಟೀವಿಯಲ್ಲಿ ಬಂದದ್ದು, ಫೋನಿಗೆ ಬಂದದ್ದು ತೋರಿಸಿ, ನೋಡುತ್ತೇನೆ. ಅದರ ಜೊತೆಗೆ ಕಳೆದ ತಿಂಗಳ ಕಿರಾಣಿ ಚೀಟಿ, ಮನೆಯಲ್ಲಿರುವ ಬಿಸ್ಕತ್ತಿನ ಖಾಲಿ ಪ್ಯಾಕೆಟ್ಟುಗಳನ್ನೂ ತನ್ನಿ. ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಬನ್ನಿ. ಒಗ್ಗರಣೆಗೆ ಎಷ್ಟು ಎಣ್ಣೆ ಬೀಳುತ್ತೆ ಅನ್ನೋದು ತಟ್ಟೆ ಮುಂದೆ ಕೂತವರಿಗೆ ಗೊತ್ತಿರಲ್ಲ.